ಸ್ಪಾಟಿಂಗ್ ರೂಮಿನಲ್ಲಿ ಹೋದ ಕಣ್ಣು

ನನ್ನನ್ನು ಆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಕರೆದುಕೊಂಡು ಹೋಗಿ ಸೇರಿಸಿದವಳು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಗಂಡನ ಮನೆ ಬಿಟ್ಟು ನಾನು ಒಂದು ಬ್ಯಾಗು ಹಿಡಿದು ತವರಿಗೆ ಬಂದಾಗ ಅಣ್ಣ ಮುಖ ಕೊಟ್ಟು ಮಾತಾಡಲಿಲ್ಲ. ಅತ್ತಿಗೆ ಒಂದು ಮಾತೂ ಕೇಳದೆ ಬ್ಯಾಗನ್ನು ಒಳಗೆ ಒಯ್ದು, ತನ್ನ ಸೀರೆ ಇಡುವ ಕಪಾಟಿನಲ್ಲಿ ಜಾಗ ಮಾಡಿ ನನ್ನ ಬಟ್ಟೆ ಜೋಡಿಸಿದಳು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, "ಮನ್ಯಾಗೆ ಕುಂತು ಗೋಡೆ ನೋಡಿದ್ರೆ ಏನ್ ಬರ್ತತಿ ತಂಗಿ? ನಾಳಿಂದ ನನ್ನ ಜೊತಿ ಬಾ. ನಿಂಗೆ ಓದು ಐತಿ, ಚೆಕಿಂಗ್‌ನಾಗ ತಗೊಂತಾರೆ" ಅಂದಳು.

ನಮ್ಮ ಊರು ಸೊರಬ ತಾಲ್ಲೂಕಿನ ಅಂಚಿನಲ್ಲಿದೆ. ಫ್ಯಾಕ್ಟರಿ ಶಿಕಾರಿಪುರದ ಹೊರಗೆ. ಬೆಳಿಗ್ಗೆ ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲೇ ಕಂಪನಿಯ ವ್ಯಾನು ಬರುತ್ತಿತ್ತು. ಶಿರಾಳಕೊಪ್ಪದಲ್ಲಿ ಒಂದಷ್ಟು ಹೆಂಗಸರನ್ನು ತುಂಬಿಕೊಂಡು, ಬಳ್ಳಿಗಾವಿ ಕ್ರಾಸಿನಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಅತ್ತಿಗೆಯ ತವರು ಅಲ್ಲೇ ಹತ್ತಿರ. ಒಮ್ಮೊಮ್ಮೆ ಅವಳ ತಾಯಿ ಒಂದು ಡಬ್ಬಿ ಮೊಸರನ್ನೋ ಕೆಂಪು ಚಟ್ನಿಯನ್ನೋ ಹಿಡಿದು ಕ್ರಾಸಿನಲ್ಲಿ ನಿಂತಿರುತ್ತಿದ್ದರು. ಅತ್ತಿಗೆ ದೂರದಿಂದಲೇ ಕಂಡು, "ಅಗೋ ನಮ್ಮವ್ವ, ಇವತ್ತು ಹಸಿರು ಸೀರಿ ಉಟ್ಕಂಡು ಬಂದೈತಿ" ಎಂದು ಕಿಟಕಿಯಿಂದ ಕೈ ಹೊರಗೆ ಹಾಕುತ್ತಿದ್ದಳು. ಅವಳ ಕಣ್ಣು ಅಷ್ಟು ಚುರುಕಾಗಿತ್ತು. ವ್ಯಾನಿನ ಡ್ರೈವರಿಗಿಂತ ಮೊದಲೇ ಅವಳಿಗೆ ರಸ್ತೆಯ ಮೇಲಿನ ಎಮ್ಮೆ ಕಾಣುತ್ತಿತ್ತು.

ಆ ಕಣ್ಣು ನೋಡಿಯೇ ಅವಳನ್ನು ಸ್ಪಾಟಿಂಗ್ ರೂಮಿಗೆ ಹಾಕಿದ್ದರು. ಹೊರದೇಶಕ್ಕೆ ಹೋಗುವ ಶರ್ಟಿನ ಮೇಲೆ ಮಷಿನ್ನಿನ ಎಣ್ಣೆಯ ಕಲೆ ಬಿದ್ದಿದ್ದರೆ, ಪೆನ್ನಿನ ಗೀಟು ಉಳಿದಿದ್ದರೆ, ಅದನ್ನು ತೆಗೆಯುವ ಕೋಣೆ ಅದು. ಮೇಜಿನ ಮೇಲೆ ಶರ್ಟು ಹರವಿ, ಪಿಸ್ತೂಲಿನಂಥ ಗನ್ನಿನಿಂದ ಕಲೆಯ ಮೇಲೆ ಕೆಮಿಕಲ್ಲನ್ನು ಚುಯ್ ಅಂತ ಹೊಡೆಯಬೇಕು. ಕಲೆ ಕರಗಿ ಹೋಗುತ್ತದೆ. ಕೆಮಿಕಲ್ ಗಾಳಿಯಲ್ಲಿ ಮಂಜಿನ ಹಾಗೆ ಹರಡುತ್ತದೆ. ಕಲೆ ಹೋಯಿತೋ ಇಲ್ಲವೋ ಎಂದು ಬಗ್ಗಿ, ಮೂಗು ಬಟ್ಟೆಗೆ ತಾಗುವಷ್ಟು ಹತ್ತಿರದಿಂದ ನೋಡಬೇಕು. ಮತ್ತೆ ಹೊಡೆಯಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಕೆಲಸ.

ಆ ಕೋಣೆಗೆ ಕಿಟಕಿ ಇರಲಿಲ್ಲ. ಇತ್ತು, ಆದರೆ ಧೂಳು ಬಂದು ಬಿಳಿ ಬಟ್ಟೆ ಹಾಳಾಗುತ್ತದೆ ಎಂದು ಪ್ಲೈವುಡ್ ಹೊಡೆದು ಮುಚ್ಚಿದ್ದರು. ಬಟ್ಟೆಗೆ ಧೂಳು ತಾಗಬಾರದು ಎಂಬ ಎಚ್ಚರ ಅವರಿಗಿತ್ತು. ಒಳಗೆ ನಿಂತ ಹೆಂಗಸರು ಏನು ಉಸಿರಾಡುತ್ತಾರೆ ಎಂದು ಯಾರಿಗೂ ಹೊಳೆಯಲಿಲ್ಲ. ನನ್ನ ಚೆಕಿಂಗ್ ಟೇಬಲ್ ಆ ಕೋಣೆಯ ಬಾಗಿಲಿಗೆ ಎದುರಾಗಿತ್ತು. ಬಾಗಿಲು ತೆರೆದಾಗಲೆಲ್ಲ ಒಂಥರಾ ಸಿಹಿ ಸಿಹಿ ವಾಸನೆ ಬಂದು ನನ್ನ ತಲೆ ತಿರುಗುತ್ತಿತ್ತು. ಒಳಗಿದ್ದವರಿಗೆ ಹೇಗಾಗುತ್ತಿತ್ತೋ. ಸೀರೆಯ ಸೆರಗನ್ನು ಮೂಗಿಗೆ ಸುತ್ತಿಕೊಳ್ಳುತ್ತಿದ್ದರು, ಅಷ್ಟೇ. ಮನೆಗೆ ಬಂದರೆ ಅತ್ತಿಗೆಯ ಮಗಳು, ಆಗ ಹೈಸ್ಕೂಲು ಓದುತ್ತಿದ್ದವಳು, "ಅವ್ವ, ಪೇಂಟ್ ವಾಸ್ನೆ ಹೊಡಿತೈತೆ, ಸ್ನಾನ ಮಾಡಿ ಬಾ" ಎಂದು ದೂರ ಸರಿಯುತ್ತಿದ್ದಳು. ಅತ್ತಿಗೆ ನಕ್ಕು ಬಚ್ಚಲಿಗೆ ಹೋಗುತ್ತಿದ್ದಳು. ಸ್ನಾನ ಮಾಡಿದರೂ ಕೂದಲಿನಲ್ಲಿ ಆ ವಾಸನೆ ಉಳಿದಿರುತ್ತಿತ್ತು.

ಕೆಲಸದಲ್ಲಿ ಅವಳಷ್ಟು ಚೊಕ್ಕವಾಗಿ ಕಲೆ ತೆಗೆಯುವವರು ಬೇರೆ ಇರಲಿಲ್ಲ. ತುಂಬಾ ಸಂಕೋಚದ ಹೆಂಗಸಾದರೂ ಈ ವಿಷಯದಲ್ಲಿ ಅವಳಿಗೆ ಹೆಮ್ಮೆ ಇತ್ತು. "ಕಾಲರ್ ಮ್ಯಾಲಿನ ಎಣ್ಣಿ ಕಲೆ ನಾನು ಮುಟ್ಟಿದ್ರೆ ಅದರ ಹುಟ್ಟು ಅಡಗ್ತತಿ" ಅನ್ನುತ್ತಿದ್ದಳು. ಹಾಗಾಗಿಯೇ ಅವಳನ್ನು ಅಲ್ಲಿಂದ ಬೇರೆ ಕಡೆಗೆ ಬದಲಿಸಲಿಲ್ಲ. ಬೇರೆ ಹೆಂಗಸರು ಬಂದರು, ತಲೆನೋವು ತಡೆಯದೆ ಬಿಟ್ಟು ಹೋದರು. ಅತ್ತಿಗೆ ವರ್ಷಗಟ್ಟಲೆ ಅಲ್ಲೇ ಉಳಿದಳು.

ಮೊದಮೊದಲು ಕಣ್ಣು ಉರಿಯುತ್ತಿತ್ತು, ಕೆಂಪಗಾಗುತ್ತಿತ್ತು, ನೀರು ಸುರಿಯುತ್ತಿತ್ತು. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಬಿಟ್ಟುಕೊಳ್ಳುತ್ತಿದ್ದಳು. ಉರಿ ಕಡಿಮೆಯಾಗುತ್ತಿತ್ತು. ಉರಿಗಿಂತ ಕೆಟ್ಟದ್ದು ಯಾವ ನೋವೂ ಇಲ್ಲದೆ ಒಳಗೆ ನಡೆಯುತ್ತಿತ್ತು ಎಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಒಂದು ರಜೆಯ ದಿನ ನಾವಿಬ್ಬರೂ ಸಂತೆಗೆ ಹೋಗಿದ್ದೆವು. ಅತ್ತಿಗೆ ಟೊಮೆಟೊ ಆರಿಸುತ್ತಿದ್ದಳು. ಮಾರುವ ಹೆಂಗಸು ಸುಮ್ಮನೆ ನೋಡಿ ನೋಡಿ, "ಅಕ್ಕಾರೆ, ಬರೀ ಕಾಯಿ ಯಾಕೆ ಆರಿಸ್ತೀರಿ? ಉಪ್ಪಿನಕಾಯಿ ಹಾಕ್ತೀರೇನು?" ಅಂದಳು. ಅತ್ತಿಗೆ ಬುಟ್ಟಿಯೊಳಗೆ ನೋಡಿದಳು. ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಎಲ್ಲಾ ಒಂದೇ ಬಣ್ಣ ಕಾಣ್ತಾವಲ್ಲೆ" ಅಂದಳು. ನಾನು ಬಿಸಿಲಿಗೆ ಹಾಗಾಗಿರಬೇಕು ಅಂದೆ. ಹಣ್ಣುಗಳನ್ನು ನಾನೇ ಆರಿಸಿ ಚೀಲಕ್ಕೆ ಹಾಕಿದೆ.

ಅದಾದ ಮೇಲೆ ಒಂದು ಬೆಳಿಗ್ಗೆ ವ್ಯಾನು ಬಳ್ಳಿಗಾವಿ ಕ್ರಾಸಿನಲ್ಲಿ ನಿಂತಿತು. ಅವಳ ತಾಯಿ ಡಬ್ಬಿ ಹಿಡಿದುಕೊಂಡು ನಮ್ಮ ಕಿಟಕಿಯ ಪಕ್ಕಕ್ಕೇ ಬಂದು ನಿಂತಿದ್ದರು. ಅತ್ತಿಗೆ ಅವರನ್ನೇ ನೋಡುತ್ತಾ, "ಅವ್ವ ಇವತ್ತು ಬಂದೇ ಇಲ್ಲ ನೋಡು" ಎಂದು ನನಗೆ ಹೇಳಿದಳು. ಆ ಮುದುಕಿಯ ಕೈ ಡಬ್ಬಿಯ ಸಮೇತ ಹಾಗೇ ಮೇಲೆ ನಿಂತುಬಿಟ್ಟಿತು. "ಯಾಕೆ ಮಗಳೇ, ನನ್ನ ಮ್ಯಾಲೆ ಏನು ಸಿಟ್ಟು?" ಅಂದರು. ದನಿ ಕೇಳಿ ಅತ್ತಿಗೆ ಬೆಚ್ಚಿಬಿದ್ದಳು. ಕೈ ಚಾಚಿ ತಾಯಿಯ ಮುಖ ಮುಟ್ಟಿದಳು. ಶಿಕಾರಿಪುರ ಮುಟ್ಟುವವರೆಗೆ ಅತ್ತಿಗೆ ಮೊಸರಿನ ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದಳು.

ಆ ವಾರವೇ ಅವಳು ಶುಚಿ ಮಾಡಿ ಕಳಿಸಿದ ಶರ್ಟುಗಳಲ್ಲಿ ಕಲೆ ಉಳಿಯತೊಡಗಿತ್ತು. ನನ್ನ ಟೇಬಲ್ಲಿಗೆ ಬಂದಾಗ ನಾನು ಯಾರಿಗೂ ಕಾಣದ ಹಾಗೆ ಹಿಂದಕ್ಕೆ ಕೊಟ್ಟು ಬರುತ್ತಿದ್ದೆ. ಆದರೂ ಒಂದು ದಿನ ಸೂಪರ್‌ವೈಸರ್ ಕೈಗೆ ಸಿಕ್ಕಿತು. ಅವನು ನನ್ನಷ್ಟೇ ವಯಸ್ಸಿನವನು, ಅತ್ತಿಗೆಗಿಂತ ಚಿಕ್ಕವನು. ಆ ಶರ್ಟುಗಳನ್ನು ಮುದ್ದೆ ಮಾಡಿ ಅವಳ ಮುಖಕ್ಕೆ ಎಸೆದ. "ಕಣ್ಣು ಎಲ್ಲಿಟ್ಕಂಡು ಕೆಲಸ ಮಾಡ್ತೀಯ? ಕಾಣಲ್ಲ ಅಂದ್ರೆ ಮನೇಲಿ ಬಿದ್ದಿರು" ಅಂದ. ಅವಳು ಆ ಶರ್ಟುಗಳನ್ನು ನೆಲದಿಂದ ಒಂದೊಂದಾಗಿ ಹೆಕ್ಕಿದಳು. ಒಂದು ಅವಳ ಕಾಲಿನ ಮುಂದೆಯೇ ಬಿದ್ದಿತ್ತು. ಅದು ಅವಳಿಗೆ ಕಾಣಲಿಲ್ಲ. ನೆಲ ತಡವುತ್ತಿದ್ದಳು. ಅದನ್ನು ನೋಡಿಯೂ ಅವನಿಗೆ ಏನೂ ಅನ್ನಿಸಲಿಲ್ಲ. ಈಗ ಬರೆಯುವಾಗ, ಅಂದೇ ಅವನ ಕೊರಳಪಟ್ಟಿ ಹಿಡಿಯಬೇಕಿತ್ತು ಅನ್ನಿಸುತ್ತದೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಸಿದೆವು. ಪ್ರಯೋಜನವಾಗಲಿಲ್ಲ. ಗಾಜು ಬದಲಿಸಿಕೊಟ್ಟರು. ಆಗಲೂ ಇಲ್ಲ. ಅಂಗಡಿಯವನು ಪಾಪ ಒಳ್ಳೆಯವನು, "ಅಮ್ಮಾ, ಇದು ಗಾಜಿನಿಂದ ಸರಿ ಹೋಗೋದಲ್ಲ ಅನ್ನಿಸ್ತದೆ, ದೊಡ್ಡ ಡಾಕ್ಟರಿಗೆ ತೋರಿಸ್ರಿ" ಅಂದ. ವಾರಕ್ಕೊಮ್ಮೆ ಫ್ಯಾಕ್ಟರಿಗೆ ಬರುತ್ತಿದ್ದ ಕಂಪನಿಯ ಡಾಕ್ಟರಿಗೆ ತೋರಿಸಿದರೆ, ಅವರು ಟಾರ್ಚು ಕೂಡ ಹಿಡಿಯದೆ, "ವಯಸ್ಸಾಗ್ತಾ ಬಂತಲ್ಲ, ಇದೆಲ್ಲ ಮಾಮೂಲಿ" ಅಂದರು. ಅತ್ತಿಗೆಗೆ ಆಗ ನಲವತ್ತೂ ತುಂಬಿರಲಿಲ್ಲ.

ಕೊನೆಗೆ ಅಣ್ಣ ಒಂದು ದಿನ ಗದ್ದೆ ಕೆಲಸ ಬಿಟ್ಟು, ನಾನು ರಜೆ ಹಾಕಿ, ಮೂವರೂ ಶಿವಮೊಗ್ಗದ ದೊಡ್ಡ ಕಣ್ಣಾಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ಒಬ್ಬ ಹೆಂಗಸು. ಕಣ್ಣಿಗೆ ಔಷಧಿ ಬಿಟ್ಟು, ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟು ತುಂಬಾ ಹೊತ್ತು ನೋಡಿದರು. ಕೆಂಪು ಮುಚ್ಚಳದ ಒಂದು ಸೀಸೆ ತೋರಿಸಿ ಬಣ್ಣ ಯಾವುದೆಂದು ಕೇಳಿದರು. ಅತ್ತಿಗೆ, "ಮಣ್ಣಿನ ಬಣ್ಣ" ಅಂದಳು. ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ನೀವು ಏನು ಕೆಲಸ ಮಾಡ್ತೀರಮ್ಮ?"

ಅಷ್ಟು ಜನ ಕಣ್ಣು ನೋಡಿದವರಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಅತ್ತಿಗೆ ಹೇಳಿದಳು. ಗನ್ನು, ಕೆಮಿಕಲ್, ಮುಚ್ಚಿದ ಕಿಟಕಿ, ಬಗ್ಗಿ ನೋಡುವುದು, ಎಲ್ಲವನ್ನೂ. ಡಾಕ್ಟರು ಕೇಳಿಸಿಕೊಂಡು, "ಕಣ್ಣಿನ ಹಿಂದೆ ಒಂದು ನರ ಇದೆ. ಕಂಡದ್ದನ್ನ ಮೆದುಳಿಗೆ ಒಯ್ಯೋದು ಅದೇ. ಎರಡೂ ಕಣ್ಣಲ್ಲಿ ಆ ನರ ಬಿಳಿಚಿಕೊಂಡಿದೆ. ಕೆಲವು ಕೆಮಿಕಲ್‌ಗಳ ಆವಿ ವರ್ಷಗಟ್ಟಲೆ ಒಳಗೆ ಹೋದರೆ ಹೀಗಾಗಬಹುದು. ನಾಳೆಯಿಂದ ಆ ಕೋಣೆಗೆ ಕಾಲಿಡಬೇಡಿ" ಅಂದರು.

"ಸರಿ ಹೋಗ್ತತಾ ಡಾಕ್ಟ್ರೇ?" ಅತ್ತಿಗೆ ಕೇಳಿದಳು.

"ಇನ್ನೂ ಕೆಡದ ಹಾಗೆ ತಡೀಬಹುದು. ಹೋಗಿದ್ದು ಬರುತ್ತೆ ಅಂತ ಸುಳ್ಳು ಹೇಳಲ್ಲಮ್ಮ."

ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಮುಂದೆ ಬಂದು, "ಇದು ಕೆಮಿಕಲ್‌ನಿಂದ ಆಗಿದ್ದು ಅಂತ ಬರ್ದು ಕೊಡ್ರಿ, ಅವ್ರ ಮುಖಕ್ಕೆ ಹಿಡಿತೀನಿ" ಅಂದ. ಈಗಲೇ ಆಗುವುದಿಲ್ಲ ಎಂದು ಡಾಕ್ಟರು ತಲೆಯಾಡಿಸಿದರು. ರಕ್ತ ಪರೀಕ್ಷೆ ಮಾಡಿ ಬೇರೆ ಕಾರಣ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು, ಜೊತೆಗೆ ಆ ಕ್ಯಾನಿನಲ್ಲಿ ಇರುವುದು ಯಾವ ಕೆಮಿಕಲ್ ಎಂದು ಗೊತ್ತಾಗಬೇಕು, ಹೆಸರು ತಂದುಕೊಟ್ಟರೆ ಬರೆದುಕೊಡುತ್ತೇನೆ ಅಂದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇರಲಿಲ್ಲ, ಬೇರೆ ತೊಂದರೆಯೂ ಕಾಣಲಿಲ್ಲ. ಉಳಿದದ್ದು ಕೆಮಿಕಲ್ಲಿನ ಹೆಸರು.

ಒಂದು ಹೆಸರು ಕೇಳಿ ತಿಳಿಯುವುದು ಎಷ್ಟು ಹೊತ್ತಿನ ಕೆಲಸ ಅಂದುಕೊಂಡಿದ್ದೆ. ಮರುದಿನವೇ ಸೂಪರ್‌ವೈಸರ್ ಹತ್ತಿರ ಹೋಗಿ ಕೇಳಿದೆ. "ಕಲೆ ತೆಗೆಯೋ ಕೆಮಿಕಲ್" ಅಂದ. ಹೆಸರು ಏನು ಅಂದೆ. "ಅದೇ ಹೆಸರು" ಅಂದು ನಕ್ಕ. ಸ್ಟೋರಿಗೆ ಹೋದೆ. ಅಲ್ಲಿ ದೊಡ್ಡ ಡ್ರಮ್ಮಿನಿಂದ ಸಣ್ಣ ಬಿಳಿ ಕ್ಯಾನುಗಳಿಗೆ ಬಗ್ಗಿಸಿ ಕೊಡುತ್ತಿದ್ದರು. ಕ್ಯಾನಿನ ಮೇಲೆ ಏನೂ ಬರೆದಿರಲಿಲ್ಲ. ಡ್ರಮ್ಮಿನ ಮೇಲೆ ಹಿಂದೆ ಅಂಟಿಸಿದ್ದ ಚೀಟಿಯನ್ನು ಕಿತ್ತು ಹಾಕಿದ್ದ ಗುರುತಷ್ಟೇ ಇತ್ತು. ಸ್ಟೋರಿನವನು ನನ್ನನ್ನು ಬಾಗಿಲಿನಲ್ಲೇ ತಡೆದು, "ನಿಂಗ್ಯಾಕೆ ಬೇಕು ಅದೆಲ್ಲಾ, ಹೋಗು" ಅಂದ. ಆಫೀಸಿನ ಮೇಡಂ ಹತ್ತಿರ ಹೋದೆ. ಅವರು ಕುಡಿಯಲು ನೀರು ಕೊಟ್ಟು, ಕೂರಿಸಿ, "ಅದು ಕಂಪನಿ ಸೀಕ್ರೆಟ್ ಅಮ್ಮ, ಹೊರಗೆ ಹೇಳೋ ಹಾಗಿಲ್ಲ. ಆದರೆ ಸೇಫ್ ಇದೆ, ಭಯ ಬೇಡ" ಎಂದು ಸಮಾಧಾನ ಮಾಡಿ ಕಳಿಸಿದರು. ಅಷ್ಟು ಸೇಫ್ ಆಗಿದ್ದರೆ ಚೀಟಿ ಕಿತ್ತದ್ದು ಯಾಕೆ? ಇದನ್ನು ನಾನು ಅವರ ಎದುರಿಗೇ ಕೇಳಿದೆ. ಅವರು ಕಂಪ್ಯೂಟರ್ ಕಡೆ ತಿರುಗಿಕೊಂಡರು.

ಕಂಪನಿಯ ಡಾಕ್ಟರು ಮತ್ತೆ ಬಂದಾಗ ಕಣ್ಣಿನ ನರ ಕೆಟ್ಟಿದೆ ಎಂದು ಶಿವಮೊಗ್ಗದ ಡಾಕ್ಟರು ಬರೆದಿದ್ದ ಚೀಟಿಯನ್ನು ಅವರ ಮುಂದಿಟ್ಟೆವು. ಈ ಸಲ ಅವರು ಗಮನವಿಟ್ಟು ನೋಡಿದರು. ಕಣ್ಣನ್ನಲ್ಲ, ಬಾಯಿಯನ್ನು. "ನಾಲಿಗೆ ತೋರಿಸಿ" ಅಂದರು. ಅತ್ತಿಗೆಗೆ ಊಟವಾದ ಮೇಲೆ ಎಲೆ ಅಡಿಕೆ ಹಾಕುವ ಅಭ್ಯಾಸವಿತ್ತು. ನಮ್ಮ ಕಡೆ ಯಾವ ಹೆಂಗಸಿಗಿಲ್ಲ? "ಹೊಗೆಸೊಪ್ಪು ಹಾಕ್ತೀರಿ. ಹೊಗೆಸೊಪ್ಪು ತಿಂದರೆ ಕಣ್ಣಿನ ನರ ಹೋಗುತ್ತೆ" ಅಂದರು.

"ಹೊಗೆಸೊಪ್ಪು ನಾನು ಮುಟ್ಟಂಗಿಲ್ರಿ" ಅತ್ತಿಗೆ ಹೇಳಿದಳು. "ಎಲಿ, ಅಡಿಕಿ, ಸುಣ್ಣ, ಅಷ್ಟೇ."

"ಎಲ್ಲರೂ ಹಂಗೇ ಹೇಳ್ತಾರೆ."

"ನಮ್ಮ ದೇವರಾಣೆ ಇಲ್ರಿ."

ಅವರು ಕೇಳಿಸಿಕೊಳ್ಳದೆ ಬರೆದರು. ಹೊಗೆಸೊಪ್ಪಿನ ಚಟದಿಂದ ದೃಷ್ಟಿ ಹೋಗಿದೆ ಎಂದು ಬರೆದರು. ಅತ್ತಿಗೆಯ ಬಾಯಿಗೆ ಎಂದೂ ಹೋಗದ ವಸ್ತುವಿನ ಹೆಸರು ಕಾಗದಕ್ಕೆ ಬಂತು. ಅವಳ ಮೂಗಿಗೆ ದಿನಾ ಹೋದದ್ದರ ಹೆಸರು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಆವತ್ತು ವ್ಯಾನಿನಲ್ಲಿ ಅವಳು ಅತ್ತಳು. ಕಣ್ಣು ಹೋಗುತ್ತಿದೆ ಎಂದು ಗೊತ್ತಾದ ದಿನ ಅಳದವಳು, ಮಗಳು ಇದನ್ನು ಕೇಳಿದರೆ ಏನೆಂದುಕೊಳ್ಳುತ್ತಾಳೆ ಎಂದು ಅತ್ತಳು. ಅಂದಿನಿಂದ ಎಲೆ ಅಡಿಕೆ ಹಾಕುವುದನ್ನೂ ಬಿಟ್ಟಳು. ಅವಳು ಪ್ರೀತಿಯಿಂದ ಮಾಡುತ್ತಿದ್ದ ಅದೊಂದನ್ನೂ ಕಸಿದುಕೊಂಡರು.

ಸ್ಪಾಟಿಂಗ್ ರೂಮಿಗೆ ಹೋಗುವುದಿಲ್ಲ ಎಂದು ಅತ್ತಿಗೆ ಹಟ ಹಿಡಿದಾಗ, ಅವಳನ್ನು ದಾರ ಕತ್ತರಿಸುವ ಕೆಲಸಕ್ಕೆ ಹಾಕಿದರು. ಹೊಲಿಗೆಯ ತುದಿಯಲ್ಲಿ ಉಳಿದ ಸಣ್ಣ ದಾರಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುವ ಕೆಲಸ. ಇಡೀ ಫ್ಯಾಕ್ಟರಿಯಲ್ಲಿ ಅದಕ್ಕಿಂತ ಹೆಚ್ಚು ಕಣ್ಣು ಬೇಕಾದ ಕೆಲಸ ಇನ್ನೊಂದಿಲ್ಲ. ಬೇಕೆಂದೇ ಹಾಕಿದರು. ಅವಳು ಬಟ್ಟೆ ಕತ್ತರಿಸಿದಳು, ಬೆರಳು ಕತ್ತರಿಸಿಕೊಂಡಳು, ಬಿಳಿ ಶರ್ಟಿಗೆ ರಕ್ತ ಹತ್ತಿತು. ಆ ರಕ್ತದ ಕಲೆ ತೆಗೆಯಲು ಶರ್ಟನ್ನು ಸ್ಪಾಟಿಂಗ್ ರೂಮಿಗೆ ಕಳಿಸಿದರು. ಕೊನೆಗೆ ಆಫೀಸಿಗೆ ಕರೆದು ಒಂದು ಕಾಗದ ಮುಂದಿಟ್ಟರು. ನಾನೂ ಜೊತೆಗೆ ಹೋದರೆ ಹೊರಗೆ ನಿಲ್ಲಿಸಿದರು. ಗಾಜಿನ ಬಾಗಿಲಿನಿಂದ ಎಲ್ಲಾ ಕಾಣುತ್ತಿತ್ತು. ಸಹಿ ಮಾಡುವ ಜಾಗ ಅವಳಿಗೆ ಕಾಣುತ್ತಿರಲಿಲ್ಲ. ಆಫೀಸಿನ ಮೇಡಂ ಅವಳ ಕೈ ಹಿಡಿದು ಪೆನ್ನಿನ ತುದಿಯನ್ನು ಸರಿಯಾದ ಗೆರೆಯ ಮೇಲೆ ಇಟ್ಟರು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಬರೆದಿತ್ತಂತೆ. ಓದಲು ಆಗದವಳ ಕೈ ಹಿಡಿದು ಸಹಿ ಮಾಡಿಸಿ, ಅದನ್ನು ಅವಳ ಇಚ್ಛೆ ಅಂದರು!

ನಾನು ಕೆಲಸ ಬಿಡಲಿಲ್ಲ. ಅಣ್ಣ ಬಿಡು ಅಂದ. ಅತ್ತಿಗೆ ಬೇಡ ಅಂದಳು. "ನೀನು ಅಲ್ಲಿದ್ರೆ ಏನಾರ ಒಂದು ಗೊತ್ತಾಗ್ತತಿ" ಅಂದಳು. ಹಾಗಾಗಿ ನಾನು ದಿನಾ ಆ ಬಾಗಿಲಿನ ಎದುರಿಗೇ ಕೂತು ಶರ್ಟು ಚೆಕ್ ಮಾಡಿದೆ. ಅತ್ತಿಗೆ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಶಿಕಾರಿಪುರದ ಒಬ್ಬ ಹುಡುಗಿ ನಿಂತಿದ್ದಳು, ಮದುವೆಯಾಗಿ ಸ್ವಲ್ಪ ಸಮಯವಾಗಿತ್ತಷ್ಟೇ. ಅವಳೂ ಸೆರಗು ಸುತ್ತಿಕೊಂಡು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಅವಳಿಗೆ ನಾನು ಎಲ್ಲವನ್ನೂ ಹೇಳಿದೆ. "ಏನ್ ಮಾಡ್ಲಿ ಅಕ್ಕ, ಬ್ಯಾರೆ ಕಡೆ ಹಾಕಲ್ಲ ಅಂತಾರೆ" ಅಂದಳು.

ವರ್ಷಕ್ಕೊಮ್ಮೆ ಬಯರ್ ಕಡೆಯವರು, ಅಂದರೆ ಈ ಶರ್ಟುಗಳನ್ನು ಕೊಳ್ಳುವ ವಿದೇಶದ ಕಂಪನಿಯವರು, ಫ್ಯಾಕ್ಟರಿ ನೋಡಲು ಬರುತ್ತಿದ್ದರು. ಆ ದಿನ ಬೆಳಿಗ್ಗೆ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಕಕ್ಕಸಿನಲ್ಲಿ ಸೋಪು ಬರುತ್ತಿತ್ತು. ಸ್ಪಾಟಿಂಗ್ ರೂಮಿನ ಕಿಟಕಿಯ ಪ್ಲೈವುಡ್ ಬಿಚ್ಚುತ್ತಿದ್ದರು. ಒಳಗಿನವರಿಗೆ ಕಣ್ಣು ಮುಚ್ಚುವ ದೊಡ್ಡ ಕನ್ನಡಕ, ಮಾಸ್ಕ್, ಕೈಗವಸು ಎಲ್ಲ ಹಂಚುತ್ತಿದ್ದರು. ಸಂಜೆ ಬಯರ್ ಕಾರು ಗೇಟು ದಾಟಿದ ಕೂಡಲೇ ಸೂಪರ್‌ವೈಸರ್ ಒಂದು ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದು ಅವನ್ನೆಲ್ಲ ವಾಪಸ್ಸು ಇಸಿದುಕೊಳ್ಳುತ್ತಿದ್ದ. ಅತ್ತಿಗೆ ಇದ್ದ ಅಷ್ಟೂ ವರ್ಷ ಇದು ನಡೆದಿತ್ತು. ಅವಳ ಕಣ್ಣು ಉಳಿಸಬಹುದಾಗಿದ್ದ ವಸ್ತು ಅದೇ ಕಟ್ಟಡದ ಒಂದು ಅಲಮಾರಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ಅವರಿಗೆ ಗೊತ್ತಿರಲಿಲ್ಲ ಎಂದು ಯಾರೂ ನನಗೆ ಹೇಳಬೇಡಿ. ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೊಂಡು ಇಟ್ಟಿದ್ದರು.

ಅತ್ತಿಗೆ ಕೆಲಸ ಬಿಟ್ಟ ಮೇಲೆ ಬಯರ್ ಬಂದಾಗ ಒಬ್ಬ ವಿದೇಶಿ ಹೆಂಗಸು ಬಂದಿದ್ದಳು. ಜೊತೆಗೆ ಅವಳ ಮಾತನ್ನು ಕನ್ನಡದಲ್ಲಿ ಹೇಳಲು ಒಬ್ಬ ಯುವಕನಿದ್ದ. ಹಿಂದಿನ ದಿನವೇ ನಮ್ಮನ್ನೆಲ್ಲ ನಿಲ್ಲಿಸಿ, ಏನು ಕೇಳಿದರೂ ಎಲ್ಲಾ ಚೆನ್ನಾಗಿದೆ ಅನ್ನಬೇಕು ಎಂದು ಪಾಠ ಹೇಳಿಸಿದ್ದರು. ಆ ಹೆಂಗಸು ಸ್ಪಾಟಿಂಗ್ ರೂಮಿನ ಬಾಗಿಲಿನಲ್ಲಿ ನಿಂತು ಹೊಸ ಹುಡುಗಿಯನ್ನು ನೋಡಿ ಏನೋ ಕೇಳಿದಳು.

"ಮೇಡಂ ಕೇಳ್ತಿದಾರೆ, ಈ ಕನ್ನಡಕ ನಿಮಗೆ ದಿನಾ ಕೊಡ್ತಾರಾ?" ಎಂದು ಆ ಯುವಕ ಹೇಳಿದ.

ಹುಡುಗಿ ಸೂಪರ್‌ವೈಸರ್ ಕಡೆ ನೋಡಿ, "ಕೊಡ್ತಾರ್ರಿ" ಅಂದಳು.

ನಾನು ಎದ್ದು ನಿಂತೆ. ನನ್ನನ್ನು ಯಾರೂ ಕೇಳಿರಲಿಲ್ಲ. "ಇವತ್ತು ಕೊಟ್ಟಾರೆ. ಸಂಜೆಗೆ ವಾಪಸ್ ಇಸ್ಕಂತಾರೆ" ಅಂದೆ.

ಯುವಕ ನನ್ನತ್ತ ನೋಡಿದ, ಸೂಪರ್‌ವೈಸರ್ ಕಡೆ ನೋಡಿದ. ಆಮೇಲೆ ಆ ಹೆಂಗಸಿಗೆ ಇಂಗ್ಲಿಷಿನಲ್ಲಿ, ಇವರೂ ಹೌದು ಅಂತಿದ್ದಾರೆ ಎಂದು ಹೇಳಿದ. ನಾನು ಸೊರಬದ ಕಾಲೇಜಿನಲ್ಲಿ ಪಿಯುಸಿವರೆಗೆ ಓದಿದವಳು. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದೆ. ಆದರೆ ಅಷ್ಟು ನನಗೆ ಅರ್ಥವಾಯಿತು.

"ನೋ!" ಎಂದು ಕೂಗಿದೆ. "ಐ ನೋ ಸೇ ಎಸ್. ಓನ್ಲಿ ಟುಡೇ! ಈವ್ನಿಂಗ್ ಟೇಕ್ ಬ್ಯಾಕ್! ಮೈ ಸಿಸ್ಟರ್ ಐಸ್ ಗಾನ್. ದಿಸ್ ರೂಮ್. ದಿಸ್ ರೂಮ್!"

ನನ್ನ ಇಂಗ್ಲಿಷು ತಪ್ಪೋ ಸರಿಯೋ ಯೋಚಿಸಲಿಲ್ಲ. ಹೊಲಿಗೆ ಮಷಿನ್ನುಗಳು ಒಂದೊಂದಾಗಿ ನಿಂತವು. ಆ ವಿದೇಶಿ ಹೆಂಗಸು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಹುಡುಗಿಯ ಹತ್ತಿರ ಹೋಗಿ ಅವಳ ಕಣ್ಣಿನ ಕನ್ನಡಕವನ್ನು ಮೆಲ್ಲಗೆ ತೆಗೆದಳು. ಅಂಗಡಿಯಿಂದ ತಂದಾಗ ಗಾಜಿನ ಮೇಲೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ಉಗುರಿನಿಂದ ಅದರ ತುದಿ ಎಬ್ಬಿಸಿ ಎಳೆದಳು. ಹಾಳೆ ಬಿಚ್ಚಿಕೊಂಡು ಬಂತು. ಅದನ್ನು ಸೂಪರ್‌ವೈಸರ್ ಕೈಯಲ್ಲಿಟ್ಟು ಮುಂದೆ ಹೋದಳು.

ಅದಾದ ಮೇಲೆ ಏನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಆ ವಾರವೇ ಗೇಟಿನಲ್ಲಿ ನನ್ನ ಚೀಲ ಹುಡುಕಿ, ಒಂದು ಪೊಟ್ಟಣ ಶರ್ಟಿನ ಗುಂಡಿ ಸಿಕ್ಕಿತು ಅಂದರು. ಊಟದ ಡಬ್ಬಿಯ ಪಕ್ಕ ನಾನು ಇಡದ ಗುಂಡಿ! ಕಳ್ಳಿ ಅನ್ನಿಸಿಕೊಂಡು ಹೊರಗೆ ಬಂದೆ. ಗೇಟಿನ ಹೊರಗೆ ನಿಂತು, ವ್ಯಾನಿನ ಎಲ್ಲಾ ಹೆಂಗಸರಿಗೂ ಕೇಳುವ ಹಾಗೆ ಬೈದೆ. ಆ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಲ್ಲಿ ಒಂದನ್ನೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ವ್ಯಾನಿಗೆ ಹತ್ತಬೇಡ ಅಂದರು. ನಡೆದು ಬಸ್‌ಸ್ಟ್ಯಾಂಡಿಗೆ ಹೋದೆ. ಹಿಂದಿನಿಂದ ಆ ಹೊಸ ಹುಡುಗಿ ಓಡಿ ಬಂದು ನನ್ನ ಕೈ ಹಿಡಿದುಕೊಂಡು, "ತಪ್ಪಾತು ಅಕ್ಕ, ನಂಗೆ ಹೆದ್ರಿಕೆ ಆಗಿತ್ತು" ಅಂದಳು. ಅವಳ ಮೇಲೆ ನನಗೆ ಕೋಪವಿರಲಿಲ್ಲ.

ಒಂದೆರಡು ತಿಂಗಳ ಮೇಲೆ ಅವಳೇ ಫೋನು ಮಾಡಿ ಹೇಳಿದಳು. ಸ್ಪಾಟಿಂಗ್ ರೂಮನ್ನು ಹಿಂದಿನ ಶೆಡ್ಡಿಗೆ ಬದಲಿಸಿದ್ದರಂತೆ. ಗೋಡೆಗೆ ಗಾಳಿ ಹೊರಗೆ ಎಳೆಯುವ ದೊಡ್ಡ ಫ್ಯಾನು ಕೂರಿಸಿದ್ದರಂತೆ. ಕನ್ನಡಕವನ್ನು ವಾಪಸ್ಸು ಕೇಳುತ್ತಿಲ್ಲವಂತೆ. "ನಿನ್ನಿಂದ ಆತು ಅಕ್ಕ" ಅಂದಳು. ಫೋನಿಟ್ಟು ಅತ್ತಿಗೆಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಈಗ ಕಣ್ಣಿನಿಂದಲ್ಲ, ಬೆರಳಿನಿಂದ ಕಲ್ಲು ಹುಡುಕುತ್ತಾಳೆ. "ಒಂದು ಫ್ಯಾನು ಸಾಕಾಗಿತ್ತೇನು?" ಅಂದಳು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

ಅತ್ತಿಗೆಗೆ ಈಗ ಪೂರ್ತಿ ಕತ್ತಲಿಲ್ಲ. ಯಾವುದನ್ನು ನೇರವಾಗಿ ನೋಡುತ್ತಾಳೋ ಅದು ಬೂದಿ ಬಣ್ಣದ ಹೊಗೆಯಲ್ಲಿ ಮುಚ್ಚಿಹೋಗುತ್ತದೆ. ಸುತ್ತಲಿನ ಅಂಚು ಮಾತ್ರ ಕಾಣುತ್ತದೆ. ಹಾಗಾಗಿ ಒಬ್ಬರ ಮುಖ ನೋಡಬೇಕಾದರೆ ಅವಳು ತನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡುತ್ತಾಳೆ. ಗೊತ್ತಿಲ್ಲದವರಿಗೆ ಇದು ಸೊಕ್ಕಿನ ಹಾಗೆ ಕಾಣುತ್ತದೆ.

ಹೋದ ವರ್ಷ ಶಿಕಾರಿಪುರದ ಕಲ್ಯಾಣ ಮಂಟಪದಲ್ಲಿ ಅವಳ ತವರಿನ ಕಡೆಯ ಒಂದು ಮದುವೆ ಇತ್ತು. ನಾವಿಬ್ಬರೂ ಊಟದ ಪಂಕ್ತಿಯಲ್ಲಿ ಕೂತಿದ್ದೆವು. ಎದುರಿಗೆ ಯಾರೋ ಬಂದು ನಿಂತರು. ನೋಡಿದರೆ ಆ ಸೂಪರ್‌ವೈಸರ್. ಹುಡುಗನ ಕಡೆಯವರಿಗೆ ಬೇಕಾದವನಂತೆ. ಜರಿ ಪಂಚೆ ಉಟ್ಟಿದ್ದ. ಅತ್ತಿಗೆಗೆ ಕೈಮುಗಿದು, "ಆರಾಮಿದೀರೇನ್ರೀ ಅಕ್ಕಾರೆ?" ಅಂದ. ಹಿಂದೆ ಏಕವಚನದಲ್ಲಿ ಬೈದು ಮುಖಕ್ಕೆ ಶರ್ಟು ಎಸೆದವನು ಈಗ ಅಕ್ಕಾರೆ ಅನ್ನುತ್ತಿದ್ದ. ಅತ್ತಿಗೆ ದನಿ ಗುರುತು ಹಿಡಿದಳು. ಕತ್ತು ಹೊರಳಿಸಿ ಗೋಡೆಯ ಕಡೆ ಮುಖ ಮಾಡಿದಳು.

"ಇನ್ನೂ ಸಿಟ್ಟು ಹೋಗಿಲ್ಲ ಅಂತ ಕಾಣತ್ತೆ, ಮುಖ ತಿರುಗಿಸಿಬಿಟ್ರಿ" ಎಂದು ಅವನು ಪಕ್ಕದವರಿಗೆ ಕೇಳುವ ಹಾಗೆ ನಕ್ಕ.

"ನಿಮ್ಮನ್ನ ನೋಡಾಕೇ ತಿರುಗಿಸಿದ್ದು" ಅಂದಳು ಅತ್ತಿಗೆ. "ನೆಟ್ಟಗೆ ನೋಡಿದ್ರೆ ನೀವು ಕಾಣಂಗಿಲ್ಲ. ನಿಮ್ಮ ರೂಮಿನಾಗ ನಿಂತು ನಿಂತು ಹಿಂಗ್ ಆಗೈತಿ. ಈಗ ಕಾಣ್ತೀರಿ. ದಪ್ಪ ಆಗೀರಿ."

ಪಂಕ್ತಿಯಲ್ಲಿದ್ದವರು ಅನ್ನ ಕಲಸುವುದನ್ನು ನಿಲ್ಲಿಸಿ ಅವನನ್ನು ನೋಡಿದರು. ಅವನು ಏನೋ ತೊದಲಿದ. ನಾವೆಲ್ಲ ಕಂಪನಿ ಹೇಳಿದ ಹಾಗೆ ಕೇಳುವವರು, ನಮ್ಮ ಕೈಯಲ್ಲಿ ಏನಿದೆ ಅಂದ. "ಕ್ಯಾನಿನಾಗ ಏನಿತ್ತು ಅಂತ ಈಗಾದ್ರೂ ಹೇಳ್ರಿ" ಅಂದಳು ಅತ್ತಿಗೆ. "ಅದೊಂದು ಹೆಸರು ಹೇಳ್ರಿ, ನಾನು ಮತ್ತೇನೂ ಕೇಳಂಗಿಲ್ಲ." ಅವನು ಯಾರೋ ಕರೆದ ಹಾಗೆ ನಟಿಸಿ ಹೊರಟುಹೋದ. ಊಟಕ್ಕೂ ಕೂರಲಿಲ್ಲ.

ನಾನು ಆ ಎಲೆಯಲ್ಲಿ ಒಂದು ತುತ್ತನ್ನೂ ಉಣ್ಣಲಾರದೆ ಕೂತಿದ್ದೆ. ಅತ್ತಿಗೆ ಕೈಯಿಂದ ಎಲೆ ತಡವಿ, ಹೋಳಿಗೆ ಎಲ್ಲಿದೆ ಎಂದು ಹುಡುಕಿ ಮುರಿದು ಬಾಯಿಗಿಟ್ಟುಕೊಂಡಳು.

ನಾವು ಶಿವಮೊಗ್ಗದಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಅಲ್ಲಿ ಕೂಡ ಮೊದಲು ಕೇಳಿದ್ದು, ಯಾವ ಕೆಮಿಕಲ್ ಎಂದು. ಅದನ್ನು ಕಂಪನಿಯಿಂದ ಕೇಳಿ ತಿಳಿದು ಕೊಡಿ ಎಂದೇ ನಾವು ಬಂದಿದ್ದೇವೆ ಅಂದೆ. ಬರೆದು ಕೇಳುತ್ತೇವೆ ಅಂದರು. ಕಂಪನಿಯವರು ಮೊದಲ ಸಲ ಉತ್ತರ ಕೊಡಲಿಲ್ಲ. ಎರಡನೆಯ ಸಲ ಹಾಲಿ ಬಳಸುತ್ತಿರುವ ಬೇರೆ ಯಾವುದೋ ಕೆಮಿಕಲ್ಲಿನ ಹೆಸರು ಕೊಟ್ಟರು. ಅದು ಈಗಿನದ್ದು, ಆಗಿನದ್ದು ಬೇಕು ಎಂದು ಮತ್ತೆ ಬರೆಸಿದ್ದೇವೆ. ಅಣ್ಣನಿಗೆ ನಂಬಿಕೆ ಹೋಗಿದೆ. ಆದರೂ ಪ್ರತಿ ಸಲ ಕರೆದಾಗ ಅವನೇ ಬೆಳಿಗ್ಗೆ ಎದ್ದು ಎಮ್ಮೆ ಕೆಲಸ ಮುಗಿಸಿ, ಅತ್ತಿಗೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಶಿರಾಳಕೊಪ್ಪದ ಬಸ್ಸಿಗೆ ಬಿಡುತ್ತಾನೆ. ನಾನು ಈಗ ಅಲ್ಲೇ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತೇನೆ. ಅಂಗಡಿಯಿಂದ ಎದ್ದು ಅವಳ ಜೊತೆ ಹೋಗುತ್ತೇನೆ.

ಕಚೇರಿಯ ಗುಮಾಸ್ತ ಕಳೆದ ಸಲ, "ಇಷ್ಟು ದೂರದಿಂದ ಪದೇ ಪದೇ ಯಾಕೆ ಬರ್ತೀರಮ್ಮ, ಏನಾದ್ರೂ ಆದ್ರೆ ನಾವೇ ತಿಳಿಸ್ತೀವಿ" ಅಂದ. ಅತ್ತಿಗೆ ಬೆಂಚಿನ ಮೇಲೆ ಸರಿಯಾಗಿ ಕೂತು, ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿದಳು. "ನೀವು ಕೆಲಸ ಮಾಡ್ರಿ ಸಾಹೇಬ್ರೆ" ಅಂದಳು. "ನಾವು ಇಲ್ಲೇ ಕುಂತಿರ್ತೀವಿ."